ಮದ್ದು ಕೇಳುವ ಬಾಯಿ

ನಮ್ಮೂರಿನಲ್ಲಿ ತನ್ನ ಮದ್ದನ್ನು ತಾನೇ ಕೇಳಿ ತಂದರೆ ಅದು ಹಿಡಿಯುವುದಿಲ್ಲ. ಮೊದಲ ಸಲ ಡಾಕ್ಟರ ಮುಂದೆ ಕೂತು, ನಾಲಿಗೆ ಚಾಚಿ, ತನ್ನ ನೋವನ್ನು ತಾನೇ ಹೇಳಿಕೊಂಡು ಬರಬಹುದು. ಆಮೇಲೆ ತಿಂಗಳು ತಿಂಗಳೂ ಅದೇ ಮಾತ್ರೆ ಮತ್ತೆ ಬೇಕಾದಾಗ ಇನ್ನೊಬ್ಬರು ಹೋಗಿ ಕೇಳಬೇಕು, ತಂದು ಕೈಗೇ ಕೊಡಬೇಕು. ಹಾಗೆ ಕೇಳುವವರನ್ನು ನಾವು ಬಾಯಿ ಎನ್ನುತ್ತೇವೆ. ‘ನಿಮ್ಮ ಬಾಯಿ ಯಾರು?’ ಎಂದು ಹೆಣ್ಣು ನೋಡಲು ಬಂದವರೂ ಕೇಳುತ್ತಾರೆ, ಬಾಡಿಗೆಗೆ ಮನೆ ಕೊಡುವವರೂ ಕೇಳುತ್ತಾರೆ.

ಹಿಂದೆ ವರ್ಗವಾಗಿ ಬಂದ ಪೋಸ್ಟ್‌ಮಾಸ್ಟರೊಬ್ಬರು ಇದನ್ನು ಕೇಳಿ ನಕ್ಕು, ತಮ್ಮ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತಾವೇ ತಂದುಕೊಂಡು ನುಂಗಿದರು. ಸುಣ್ಣದ ಚೂರು ನುಂಗಿದ್ದಕ್ಕೂ ಅದಕ್ಕೂ ವ್ಯತ್ಯಾಸವಾಗಲಿಲ್ಲ. ಆಮೇಲೆ ಪಾಪ, ಬಾಳೆಹಣ್ಣು ಹಿಡಿದುಕೊಂಡು ಎದುರುಮನೆಯವರ ಪರಿಚಯ ಮಾಡಿಕೊಳ್ಳಲು ಹೋದರು. ಆಸ್ತಿಗಾಗಿ ಕೋರ್ಟಿಗೆ ಅಲೆಯುವ ಅಣ್ಣತಮ್ಮಂದಿರಿಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ಕೋರ್ಟಿನಿಂದ ಬರುವಾಗ ಕ್ಲಿನಿಕ್ಕಿನ ಹತ್ತಿರ ಇಳಿದು, ಇವನ ಮದ್ದನ್ನು ಅವನು, ಅವನ ಮದ್ದನ್ನು ಇವನು ಕೇಳಿ, ಕೈಬದಲು ಮಾಡಿಕೊಂಡು, ಬೇರೆ ಬೇರೆ ಆಟೋ ಹತ್ತಿ ಮನೆಗೆ ಹೋಗುತ್ತಾರೆ.

ಮಾತ್ರೆಯ ಚೀಟಿ ಬರೆಯುವುದು ಡಾಕ್ಟ್ರಮ್ಮ ವಸುಮತಿ, ಸೋಮವಾರ ಮತ್ತು ಗುರುವಾರ ಬೆಳಿಗ್ಗೆ. ಬಂದವರನ್ನು ಅವರು ಕೇಳುವುದು ಒಂದೇ ಮಾತು: “ಹೇಗಿದ್ದಾರೆ?” ಚೆನ್ನಾಗಿದ್ದಾರೆ ಎಂದರೂ ಚೀಟಿ ಬರೆದುಕೊಡುತ್ತಾರೆ. ಆದರೆ ಹಾಗೆಂದು ತಂದ ಮಾತ್ರೆ ಅರ್ಧಂಬರ್ಧ ಹಿಡಿಯುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಿರುವ ವಿಷಯ. ಅದಕ್ಕೇ ನಮ್ಮಲ್ಲಿ ಹೆಂಗಸರು ಗಂಡಂದಿರನ್ನು ಬಾಯಿ ಮಾಡಿಕೊಳ್ಳುವುದು ಕಡಿಮೆ.

ನನ್ನ ಹೆಸರು ದಾಕ್ಷಾಯಣಿ. ಅಪ್ಪ ನಡೆಸುತ್ತಿದ್ದ ಹಿಟ್ಟಿನ ಗಿರಣಿಯನ್ನು ಈಗ ನಾನು ನಡೆಸುತ್ತೇನೆ. ಚಿಕ್ಕಂದಿನಿಂದ ನನಗೆ ಮೂರ್ಛೆ ರೋಗ. ಮಾತ್ರೆ ಹೊಟ್ಟೆಯಲ್ಲಿರುವ ತನಕ ಅದು ನನ್ನ ತಂಟೆಗೆ ಬರುವುದಿಲ್ಲ. ಮಾತ್ರೆ ತಪ್ಪಿತೋ, ಮೊದಲು ಎಡಗೈ ಹೆಬ್ಬೆರಳು ತಾನೇ ತಾನಾಗಿ ಕುಣಿಯಲು ಶುರುವಾಗುತ್ತದೆ. ಆಮೇಲೆ ಎಲ್ಲೂ ಇಲ್ಲದ ತುಪ್ಪ ಸೀದ ವಾಸನೆ ಬರುತ್ತದೆ. ಅದರಾಚೆ ಏನಾಗುತ್ತದೆಂದು ನನಗೆ ಗೊತ್ತಿಲ್ಲ, ನೋಡಿದವರಿಗೆ ಗೊತ್ತು. ನನ್ನದು ಓಡುವ ಬೆಲ್ಟಿನ ಪಕ್ಕ ನಿಂತು ಮಾಡುವ ಕೆಲಸ. ಅಲ್ಲಿ ಬಿದ್ದರೆ ಮತ್ತೆ ಏಳುವ ಮಾತಿಲ್ಲ.

ಅಪ್ಪ ಇರುವ ತನಕ ಅವನೇ ನನ್ನ ಬಾಯಿಯಾಗಿದ್ದ. ಅವನು ಹೋದ ಮೇಲೆ ಎದುರಿನ ಇಡ್ಲಿ ಅಂಗಡಿಯ ಹೂವಕ್ಕ ಆದಳು. ನಾನು ಕೇಳಲಿಲ್ಲ. ತಿಥಿಯ ಊಟದ ಎಲೆ ಎತ್ತುತ್ತಲೇ ಅವಳು, “ಗುರುವಾರ ನಾನು ಹೋಗ್ತೀನಿ ಬಿಡು” ಎಂದಳು. ಅವಳಿಗೆ ರಕ್ತದೊತ್ತಡ. ಗಂಡ ಲಾರಿ ಹತ್ತಿದರೆ ತಿಂಗಳುಗಟ್ಟಲೆ ಊರಿನ ಮುಖ ನೋಡುವವನಲ್ಲ. ಹಾಗಾಗಿ ಅವಳ ಬಾಯಿ ನಾನಾದೆ. ಅವಳು ನನಗಿಂತ ದೊಡ್ಡವಳು, ಗಂಟಲೂ ದೊಡ್ಡದು. ಗಿರಣಿ ಓಡುತ್ತಿದ್ದರೂ ರಸ್ತೆಯಾಚೆಯಿಂದ ಅವಳು ಕರೆದರೆ ನನಗೆ ಕೇಳಿಸುತ್ತದೆ.

ನಾವು ಜಗಳವಾಡಿದ್ದು ಮೆಣಸಿನಕಾಯಿಯ ದೆಸೆಯಿಂದ. ನನ್ನದು ಒಂದೇ ಕಲ್ಲಿನ ಗಿರಣಿ. ಖಾರದ ಪುಡಿಗೆಂದು ಮಂಗಳವಾರ ಬಿಟ್ಟಿದ್ದೇನೆ. ಅದಾದ ಮೇಲೆ ನುಚ್ಚು ಹಾಕಿ ಓಡಿಸಿ ಕಲ್ಲು ಶುದ್ಧ ಮಾಡಿ, ಮರುದಿನ ಬೇರೆ ಧಾನ್ಯ ಮುಟ್ಟುತ್ತೇನೆ. ಆ ಬುಧವಾರವೂ ಹಾಗೇ ಮಾಡಿದ್ದೆ. ಹೂವಕ್ಕನಿಗೆ ಯಾರದೋ ಮನೆಯ ನಾಮಕರಣಕ್ಕೆ ಇಡ್ಲಿ ಒಪ್ಪಿಸುವುದಿತ್ತು. ನನ್ನಲ್ಲೇ ತರಿ ಮಾಡಿಸಿಕೊಂಡು ಹೋಗಿದ್ದಳು. ಅದೇನಾಯಿತೋ, ಬೆಳಿಗ್ಗೆ ಹಬೆ ಪಾತ್ರೆಯಿಂದ ತೆಗೆದ ಇಡ್ಲಿ ನಸುಗೆಂಪಾಗಿದ್ದವಂತೆ. ಉಂಡವರೆಲ್ಲ ಮೂಗು ಒರೆಸಿಕೊಂಡರಂತೆ. ಮಗುವಿನ ಅಜ್ಜಿ ಬಿಕ್ಕಳಿಕೆ ಹಿಡಿದು ಒಳಗೆ ಹೋದವರು ಹೆಸರು ಕರೆಯುವ ಹೊತ್ತಿಗೂ ಹೊರಗೆ ಬರಲಿಲ್ಲವಂತೆ.

ಹೂವಕ್ಕ ಖಾಲಿ ಪಾತ್ರೆ ಹೊತ್ತು ನೇರವಾಗಿ ಗಿರಣಿಗೇ ಬಂದಳು. ಡಬ್ಬ ಹಿಡಿದು ನಿಂತ ಜನ ಬಾಗಿಲ ತನಕ ಇದ್ದರು.

“ನಾನು ಏನು ಮಾಡಿದೀನಿ ಅಂತ ಹೀಗೆ ನನ್ನ ಮಾನ ಕಳೆದೆ ನೀನು?” ಎಂದಳು.

“ನುಚ್ಚು ಓಡಿಸಿಯೇ ಹಾಕಿದ್ದು ಹೂವಕ್ಕ. ನಿನ್ನ ಚೀಲದಲ್ಲೇ ಇತ್ತೇನೋ ನೋಡು,” ಎಂದೆ.

“ನನ್ನ ಚೀಲದಲ್ಲಾ? ಖಾರದ ಕಲ್ಲಿಗೆ ಅಕ್ಕಿ ಸುರಿದಿದೀಯಲ್ಲ, ಕಣ್ಣೆಲ್ಲಿತ್ತು ನಿಂಗೆ? ನಿಂತಲ್ಲೇ ಪಿಟ್ಸ್ ಬಂದಿತ್ತಾ?”

ಮೋಟರು ಓಡುತ್ತಲೇ ಇತ್ತು. ಆದರೂ ಆ ಮಾತು ಎಲ್ಲರಿಗೂ ಕೇಳಿಸಿತು. ಡಬ್ಬ ಹಿಡಿದವರು ನೆಲ ನೋಡಿದರು. ನನ್ನ ಕಾಯಿಲೆ ಊರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ನನ್ನೆದುರು ಅದರ ಹೆಸರೆತ್ತಿ ಆಡಿದವರು ಅದುವರೆಗೆ ಯಾರೂ ಇರಲಿಲ್ಲ. ನಾನು ಸ್ವಿಚ್ಚು ಆರಿಸಿದೆ. ಆ ಮೌನದಲ್ಲಿ ನನ್ನ ದನಿ ನನಗೇ ಬೇರೆಯವರದು ಎನ್ನಿಸಿತು.

“ಇವತ್ತಿಂದ ನೀನು ನನ್ನ ಬಾಯಿ ಅಲ್ಲ.”

“ನಾನೇನು ಸಾಯ್ತೀನಾ? ನೀನೂ ನನ್ನ ಬಾಯಿ ಅಲ್ಲ, ಹೋಗು,” ಎಂದು ಪಾತ್ರೆ ಎತ್ತಿಕೊಂಡು ಹೊರಟುಹೋದಳು.

ಮಾತ್ರೆ ಇರುವ ತನಕ ನನಗೂ ಸಿಟ್ಟು ಇತ್ತು. ಅದು ಮುಗಿಯುತ್ತಾ ಬಂದ ಹಾಗೆ ಸಿಟ್ಟಿನ ಜಾಗಕ್ಕೆ ದಿಗಿಲು ಬಂತು. ಯಾರನ್ನು ಕೇಳುವುದು? ಗಿರಣಿಗೆ ಇಡೀ ಊರೇ ಬರುತ್ತದೆ. ಆದರೆ ಬಂದವರೆಲ್ಲ ಮಾತನಾಡುವುದು ಹಿಟ್ಟಿನ ನಯದ ಬಗ್ಗೆ. ಕೊನೆಗೆ ಪಕ್ಕದ ಟೈಲರ್ ಖಾದರ್ ಸಾಬರನ್ನು ಕೇಳಿಕೊಂಡೆ. ಒಳ್ಳೆಯ ಮನುಷ್ಯ. ಒಂದು ಮಾತು ಎದುರಾಡದೆ ಗುರುವಾರ ಬೆಳಿಗ್ಗೆಯೇ ಹೋಗಿ ಮಾತ್ರೆ ತಂದು ಕೈಗಿಟ್ಟರು.

“ಡಾಕ್ಟ್ರಮ್ಮ ಏನಂದ್ರು ಸಾಬ್ರೇ?”

“ಹೇಗಿದ್ದಾರೆ ಅಂದ್ರು. ಅಲ್ಲಾಹನ ದಯೆಯಿಂದ ತುಂಬಾ ಚೆನ್ನಾಗಿದ್ದಾರೆ ಅಂದೆ ಅಮ್ಮಾ,” ಎಂದು ಅವರು ಸಂತೋಷದಿಂದ ಹೇಳಿದರು.

ಮುಗಿಯಿತು, ಇನ್ನು ಇದು ಅರ್ಧಂಬರ್ಧವೇ ಹಿಡಿಯುವುದು ಎಂದುಕೊಂಡೆ. ಆದರೂ ನಗುತ್ತಾ ಕೈಮುಗಿದು, ಮಾತ್ರೆ ನುಂಗಿದೆ. ಶನಿವಾರ ಜೋಳ ಸುರಿಯುತ್ತಿದ್ದಾಗ ಎಡಗೈ ಹೆಬ್ಬೆರಳು ಒಮ್ಮೆ ಮೇಲೆದ್ದು ಕೆಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ. ನಾನು ಗಿರಣಿ ನಿಲ್ಲಿಸಿ, ಅರ್ಧ ಬೀಸಿದ ಜೋಳವನ್ನು ಹಾಗೇ ವಾಪಸ್ಸು ಕೊಟ್ಟು, ಬಾಗಿಲೆಳೆದುಕೊಂಡೆ.

ಗಿರಣಿಯ ಹಿಂದಿನ ಕೋಣೆಯೇ ನನ್ನ ಮನೆ. ಒಲೆ ಹಚ್ಚಲು ಭಯ, ಬಾವಿಯ ಹತ್ತಿರ ಹೋಗಲು ಭಯ. ಚಾಪೆ ಹಾಸಿ, ಸುತ್ತ ದಿಂಬು, ಹಿಟ್ಟಿನ ಚೀಲ ಎಲ್ಲ ಇಟ್ಟುಕೊಂಡು ಕೂತೆ. ನೆನೆಸಿದ ಅವಲಕ್ಕಿ ತಿಂದೆ. ಜನ ಬಂದು ಬಾಗಿಲು ಬಡಿದು, “ದಾಕ್ಷಮ್ಮಾ, ರಾಗಿ ಇತ್ತು” ಎಂದು ಕೂಗಿ ಹೋದರು. ಸೋಮವಾರ ಸಂಜೆ ಇನ್ನೊಂದು ಬಡಿತ ಕೇಳಿಸಿತು. ಕೂಗಿಲ್ಲ, ಬರೀ ಬಡಿತ. ಗಿರಣಿಯ ಮುಂಬಾಗಿಲ ಸಂದಿಯಿಂದ ನೋಡಿದರೆ ಹೂವಕ್ಕನ ಸೀರೆಯ ಅಂಚು. ಗಿರಣಿ ಮುಚ್ಚಿದ್ದನ್ನು ನೋಡಿ ಆಡಿಕೊಳ್ಳಲು ಬಂದಿದ್ದಾಳೆ ಎಂದುಕೊಂಡೆ. ಬಾಗಿಲು ತೆಗೆಯಲಿಲ್ಲ. ಅವಳು ತುಸು ಹೊತ್ತು ನಿಂತು ಹೊರಟುಹೋದಳು.

ಕೋಣೆಯಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಗಿರಣಿಯ ಆ ಬಾಗಿಲ ಸಂದಿಯಿಂದ ಹೊರಗೆ ನೋಡುವುದೇ ಕೆಲಸವಾಯಿತು. ಸಂದಿಯೆದುರಿಗೆ ಸರಿಯಾಗಿ ಅವಳ ಅಂಗಡಿ. ಬೇಡವೆಂದರೂ ಕಾಣುತ್ತಿತ್ತು. ಮೊದಮೊದಲು ಅವಳು ಎಂದಿನಂತೆಯೇ ಇದ್ದಾಳೆ ಅನ್ನಿಸಿತು. ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಬಗ್ಗಿ ಎದ್ದಾಗಲೆಲ್ಲ ಗೋಡೆ ಹಿಡಿಯುತ್ತಿದ್ದಳು. ಗಿರಾಕಿಗಳನ್ನು ಬಯ್ಯುವುದು ಬಿಟ್ಟಿದ್ದಳು. ಪೋಸ್ಟ್‌ಮಾಸ್ಟರ್ ಚಟ್ನಿ ಬಾಯಿಗಿಟ್ಟು ‘ಉಪ್ಪು’ ಎಂದು ಮುಖ ಕಿವುಚಿದರು. ಅವಳ ಕೈಯ ಚಟ್ನಿಗೆ ಉಪ್ಪು ಹೆಚ್ಚಾಗಿದ್ದನ್ನು ನಾನು ಈವರೆಗೆ ಕಂಡಿರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ಹಬೆ ಪಾತ್ರೆ ಒಲೆಯ ಮೇಲಿಟ್ಟು ಮೆಟ್ಟಿಲ ಮೇಲೆ ಕೂತಳು. ಕತ್ತಿನ ಹಿಂಭಾಗವನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ಪಾತ್ರೆಯಿಂದ ಹಬೆ ಹೊರಟಿತು, ಆಮೇಲೆ ಹಬೆ ನಿಂತಿತು, ಆಮೇಲೆ ಹೊಗೆ ಬಂತು. ಸೀದ ವಾಸನೆ ನನ್ನ ತನಕ ಬಂದಾಗ ನಾನು ಬೆಚ್ಚಿ ಗೋಡೆಗೊರಗಿದೆ, ನನ್ನದೇ ವಾಸನೆ ಶುರುವಾಯಿತೆಂದು. ಅಲ್ಲ. ಇದು ನೀರಾರಿದ ಪಾತ್ರೆಯದು. ಯಾರೋ ಓಡಿಬಂದು ಒಲೆ ಆರಿಸಿದರು. ಅವಳು ಕಣ್ಣು ತೆರೆದು, ಏನಾಯಿತೆಂದು ಗೊತ್ತಾಗದವಳ ಹಾಗೆ ಅವರನ್ನು ನೋಡಿದಳು.

ಅವಳಿಗೂ ಮಾತ್ರೆ ಮುಗಿದಿದೆ. ಬೇರೆ ಯಾರನ್ನೋ ಬಾಯಿ ಮಾಡಿಕೊಂಡಿದ್ದಾಳೆ ಎಂದು ನಾನು ಅಷ್ಟು ದಿನವೂ ತಿಳಿದಿದ್ದೆ. ಅವಳಿಗೇನು, ಊರೆಲ್ಲ ನೆಂಟರು ಎಂದುಕೊಂಡಿದ್ದೆ.

ಚಪ್ಪಲಿ ಮೆಟ್ಟಿ ಹಿತ್ತಿಲ ಬಾಗಿಲಿನಿಂದ ಹೊರಬಿದ್ದೆ. ಕ್ಲಿನಿಕ್ಕು ಇರುವುದು ಸಂತೆ ಮೈದಾನದಾಚೆಯ ಏರಿನಲ್ಲಿ. ಬಿದ್ದರೆ ಗಾಡಿಗಳ ಕಡೆ ಬೀಳಬಾರದೆಂದು ಗೋಡೆಗಳನ್ನು ಸವರಿಕೊಂಡೇ ನಡೆದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಬಿಗಿದು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ಅದು ಒಳಗೆ ಹಿಡಿದ ಹಕ್ಕಿಮರಿಯಂತೆ ಒದ್ದಾಡುತ್ತಿತ್ತು.

ಸಾಲಿನಲ್ಲಿ ನಿಂತ ಬಾಯಿಗಳೆಲ್ಲ ತಮ್ಮ ತಮ್ಮ ಉತ್ತರ ಹೊಂದಿಸಿಕೊಳ್ಳುತ್ತಿದ್ದರು. ನನ್ನ ಮುಂದಿದ್ದ ಮುದುಕರೊಬ್ಬರು ಒಳಗೆ ಹೋಗಿ, “ಕದ್ದು ಬೆಲ್ಲ ತಿಂತಾಳೆ ಡಾಕ್ಟ್ರೇ. ಕೇಳಿದ್ರೆ ಇರುವೆ ತಿಂದ್ವು ಅಂತಾಳೆ,” ಎನ್ನುವುದು ಹೊರಗೆ ಕೇಳಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮಾತು ಬಿಟ್ಟ ಗೆಳತಿಯ ಬಗ್ಗೆ ಏನೆಂದು ಹೇಳುವುದು? ನಾನು ಅವಳೊಡನೆ ಒಂದು ಮಾತೂ ಆಡಿರಲಿಲ್ಲ. ಅಂಥವಳ ಬಾಯಿಯಿಂದ ಕೇಳಿ ತಂದ ಮದ್ದು ಹಿಡಿಯುತ್ತದೆಯೇ?

ಡಾಕ್ಟ್ರಮ್ಮ ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು.

“ಯಾರಿಗೆ?”

“ಹೂವಮ್ಮನಿಗೆ. ಇಡ್ಲಿ ಅಂಗಡಿ ಹೂವಮ್ಮ.”

“ಹೇಗಿದ್ದಾಳೆ?”

“ಚೆನ್ನಾಗಿಲ್ಲ,” ಎಂದೆ. ಅಷ್ಟು ಹೇಳಿದ್ದೇ ತಡ, ಉಳಿದದ್ದೆಲ್ಲ ತಾನಾಗಿ ಬಂತು. “ಬಗ್ಗಿ ಎದ್ದರೆ ಗೋಡೆ ಹಿಡೀತಾಳೆ. ಕತ್ತಿನ ಹಿಂದೆ ನೋವಿದೆ, ಬಲಗಡೆ ಜಾಸ್ತಿ, ಬಲಗೈಯಲ್ಲೇ ಒತ್ಕೊಳ್ಳೋದು ಹೆಚ್ಚು. ಚಟ್ನಿಗೆ ಉಪ್ಪು ಎರಡೆರಡು ಸಲ ಹಾಕ್ತಾಳೆ. ತಲೆ ಬಾಚಿಕೊಂಡಿಲ್ಲ. ಗಿರಾಕಿಗಳನ್ನ ಬಯ್ಯೋದು ಬಿಟ್ಟಿದಾಳೆ ಡಾಕ್ಟ್ರಮ್ಮ, ಅವಳು ಬಯ್ಯದೇ ಇದ್ದಿದ್ದನ್ನ ನಾನು ಯಾವತ್ತೂ ನೋಡಿಲ್ಲ. ಇವತ್ತು ಪಾತ್ರೆ ಸೀದುಹೋಯ್ತು, ಪಕ್ಕದಲ್ಲೇ ಕೂತವಳಿಗೆ ಗೊತ್ತಾಗಲಿಲ್ಲ...”

ಡಾಕ್ಟ್ರಮ್ಮ ಬರೆದು ಮುಗಿಸಿ ಚೀಟಿ ಮುಂದೆ ಸರಿಸಿದರು. “ಮೊದಲು ಒಂದು ಮಾತ್ರೆ ಈಗಲೇ ಕೊಡು. ಸಂಜೆ ನಾನೇ ಬಂದು ನೋಡ್ತೀನಿ,” ಎಂದರು. ಆಮೇಲೆ ನನ್ನ ಸೆರಗಿನ ಕಡೆ ನೋಡಿ, “ಅದೇನು ಕೈ? ನಿನ್ನ ಮಾತ್ರೆ ನುಂಗಿಲ್ವಾ ನೀನು?” ಎಂದು ಕೇಳಿದರು.

“ಖಾದರ್ ಸಾಬರು ತಂದುಕೊಟ್ಟಿದ್ದು... ಹಿಡೀಲಿಲ್ಲ.”

“ಅದು ಗೊತ್ತು. ಹೂವಮ್ಮ ತಗೊಂಡು ಹೋದಳಲ್ಲ, ಅದು?”

“ಹೂವಕ್ಕ ಬಂದಿದ್ಲಾ?”

“ಸೋಮವಾರವೇ ಬಂದಿದ್ಲು,” ಎಂದರು ಡಾಕ್ಟ್ರಮ್ಮ. “ಮೊನ್ನೆ ತಾನೇ ಒಬ್ಬರು ತಗೊಂಡು ಹೋದರಲ್ಲ ಅಂದೆ. ‘ಅದು ಹಿಡಿದಿಲ್ಲ, ಗಿರಣಿ ಬಾಗಿಲು ಹಾಕಿದೆ’ ಅಂದಳು. ಹೇಗಿದ್ದಾಳೆ ಅಂದಿದ್ದಕ್ಕೆ ನಿನ್ನನ್ನ ಬಯ್ಯೋಕೆ ಶುರು ಮಾಡಿದಳು ನೋಡು, ಸಾಲಿನಲ್ಲಿದ್ದವರೆಲ್ಲ ಗೊಣಗೋ ಹಾಗಾಯ್ತು. ಹಠಮಾರಿಯಂತೆ, ಹಸಿವಾದರೆ ಹೇಳೋದಿಲ್ವಂತೆ, ಭಯವಾದರೆ ದಿಂಬು ಗುಡ್ಡೆ ಹಾಕ್ಕೊಂಡು ಕೂರ್ತಾಳಂತೆ. ‘ನಿನ್ನ ಮಾತ್ರೆ ಕೇಳೋಕೂ ಯಾರನ್ನಾದರೂ ಕಳಿಸು’ ಅಂದೆ ಅವಳಿಗೆ. ಅವಳ ಗಂಡನ ತಮ್ಮ ಬರ್ತೀನಿ ಅಂದಿದ್ದನಂತೆ. ‘ಬೇಡ, ನನಗೆ ಬಾಯಿ ಇದೆ’ ಅಂದಳು.”

ನಾನು ಚೀಟಿ ಹಿಡಿದುಕೊಂಡು ಮಾತ್ರೆ ಕೊಡುವ ಕಿಟಕಿಗೆ ಹೇಗೆ ಹೋದೆನೋ, ಹೇಗೆ ಈಚೆ ಬಂದೆನೋ. ಸೋಮವಾರ ಸಂಜೆಯ ಆ ಬಡಿತ ನೆನಪಾಗಿ ಮೈ ಬಿಸಿಯಾಯಿತು. ಇಳಿಜಾರಿನಲ್ಲಿ ಅರ್ಧ ಬಂದಿದ್ದೆ, ತುಪ್ಪ ಸೀದ ವಾಸನೆ ಬಂತು. ಈ ಸಲ ನನ್ನದೇ. ಸುತ್ತ ನೋಡಿದೆ, ಎಲ್ಲೂ ಒಲೆಯಿಲ್ಲ, ಪಾತ್ರೆಯಿಲ್ಲ. ಸಂತೆ ಮೈದಾನದ ಕಟ್ಟೆಯ ಮೇಲೆ ಗಬಕ್ಕನೆ ಕೂತು, ಮಾತ್ರೆಯ ಪೊಟ್ಟಣವನ್ನು ರವಿಕೆಯೊಳಗೆ ಸೇರಿಸಿದೆ. ನಾನು ಬಿದ್ದರೂ ಅದು ಬೀಳಬಾರದು. ‘ಇವತ್ತೊಂದು ದಿನ ಬಿಡು, ಅವಳ ಕೈಗಿಟ್ಟು ಬರ್ತೀನಿ’ ಎಂದು ಯಾರನ್ನೋ ಬೇಡಿಕೊಂಡೆ. ದೇವರನ್ನೋ, ಕಾಯಿಲೆಯನ್ನೋ, ನನಗೇ ಗೊತ್ತಿಲ್ಲ. ಕಣ್ಣ ಮುಂದಿನ ಬೇವಿನ ಮರ ಒಮ್ಮೆ ದೂರ ಹೋಗಿ ಮತ್ತೆ ಹತ್ತಿರ ಬಂತು. ವಾಸನೆ ತೆಳುವಾಯಿತು. ಎದ್ದು ನಡೆದೆ.

ಹೂವಕ್ಕ ಸೀದ ಪಾತ್ರೆಗೆ ನೀರು ಹಾಕಿಟ್ಟು ಅಂಗಡಿಯ ಬೆಂಚಿನ ಮೇಲೆ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡು ಏಳಲು ನೋಡಿದಳು, ಆಗಲಿಲ್ಲ. ನಾನು ಪೊಟ್ಟಣ ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದೆ.

“ಮೊದಲು ನುಂಗು. ಆಮೇಲೆ ಬಯ್ಯಿ.”

ಅವಳು ನುಂಗಲಿಲ್ಲ. ನನ್ನ ಎಡಗೈಯನ್ನು ಸೆರಗಿನಿಂದ ಎಳೆದು ನೋಡಿದಳು. ಹೆಬ್ಬೆರಳು ಕುಣಿಯುತ್ತಿತ್ತು. ಅವಳ ಮುಖ ಬಿಳಿಚಿತು.

“ಈ ಕೈ ಇಟ್ಕೊಂಡು ಆ ಏರಿನ ತನಕ ನಡೆದು ಹೋದೆಯಾ? ದಾರೀಲಿ ಬಿದ್ದಿದ್ರೆ?”

“ಬೀಳಲಿಲ್ಲವಲ್ಲ.”

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ನನ್ನ ಮಾತ್ರೆಯ ಪೊಟ್ಟಣವಿತ್ತು. ಸೋಮವಾರದಿಂದ ಗಂಟಿನಲ್ಲೇ ಇದ್ದು ಮೂಲೆಗಳೆಲ್ಲ ಸುಕ್ಕಾಗಿದ್ದವು.

“ಬಂದಿದ್ದೆ. ಬಾಗಿಲು ತೆಗೀಲಿಲ್ಲ ನೀನು,” ಎಂದಳು.

“ಆಡಿಕೊಳ್ಳೋಕೆ ಬಂದೆ ಅಂದ್ಕೊಂಡೆ. ಕೂಗಬೇಕಿತ್ತು. ಊರಿಗೇ ಕೇಳೋ ಹಾಗೆ ಕೂಗ್ತೀಯ, ಅವತ್ತು ಒಂದು ಮಾತು ಹೊರಡಲಿಲ್ವಾ?”

“ಹೊರಡಲಿಲ್ಲ ಕಣೇ.” ಅವಳು ನೀರಿನ ಚೊಂಬನ್ನು ನೋಡುತ್ತಾ ಹೇಳಿದಳು. “ಏನು ಅಂತ ಕೂಗಲಿ? ಜನರ ಮುಂದೆ ಆ ಮಾತು ಆಡಿದ ಬಾಯಲ್ಲಿ ನಿನ್ನ ಹೆಸರು ಬರಲಿಲ್ಲ. ನಿತ್ಯ ಬೆಳಿಗ್ಗೆ ಬಂದು ಮತ್ತೆ ಬಡೀಬೇಕು ಅಂದ್ಕೊಳ್ತಿದ್ದೆ. ಎದ್ದು ನಿಂತರೆ ರಸ್ತೆಯೇ ವಾಲ್ತಿತ್ತು.”

“ಹೊಸ್ತಿಲ ಮೇಲಾದ್ರೂ ಇಟ್ಟು ಹೋಗಬೇಕಿತ್ತು.”

“ಹಾಲಿನ ಪ್ಯಾಕೆಟ್ಟೇನೇ ಅದು? ಹೊಸ್ತಿಲ ಮೇಲಿಟ್ಟರೆ ಹಿಡಿಯುತ್ತಾ?” ಎಂದಳು. ದನಿಯಲ್ಲಿ ಮೊದಲಿನ ಖಡಕ್ಕು ತುಸು ವಾಪಸ್ಸು ಬಂದಿತ್ತು. ಅದನ್ನು ಕೇಳಿ ನನಗೆ ಎಷ್ಟು ಹಾಯೆನಿಸಿತೆಂದರೆ, ನಿಂತಲ್ಲೇ ಅಳು ಬಂತು.

ಅವಳೇ ಒಂದು ಮಾತ್ರೆ ಬಿಡಿಸಿ ನನ್ನ ಕೈಗಿಟ್ಟಳು. ನಾನು ಅವಳದನ್ನು ಬಿಡಿಸಿಕೊಟ್ಟೆ. ಒಂದೇ ಚೊಂಬಿನ ನೀರಿನಲ್ಲಿ ಇಬ್ಬರೂ ನುಂಗಿದೆವು. ಹಿಡಿಯುತ್ತದೋ ಇಲ್ಲವೋ ಎಂದು ನಾನು ಬಾಯಿಬಿಟ್ಟು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಅವಳು ಎದ್ದು ಗೋಡೆ ಹಿಡಿದು ಹೋಗಿ ಅಂಗಡಿಯ ಬಾಗಿಲು ಎಳೆದಳು. ಒಳಗೆ ಅಕ್ಕಿ ಮೂಟೆಗಳ ಪಕ್ಕದಲ್ಲಿ ಚಾಪೆ ಹಾಸಿದಳು. ಬೇಡವೆಂದರೂ ಕೇಳದೆ, ನಾನು ಮಲಗುವ ಕಡೆ ಇದ್ದ ಡಬ್ಬಗಳ ಚೂಪು ಮೂಲೆಗೆಲ್ಲ ಗೋಣಿ ಮುಚ್ಚಿದಳು. ಆಮೇಲೆ ನನ್ನ ಪಕ್ಕ ಮಲಗಿ, ನನ್ನ ಎಡಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

“ಹೂವಕ್ಕ, ಖಾರ ಎಲ್ಲಿಂದ ಬಂತು ಅಂತೀಯ?” ಎಂದೆ.

“ಹಾಳಾಗಿ ಹೋಗಲಿ ಬಿಡು. ಆ ಮುದುಕಿ ಬಿಕ್ಕಳಿಸಿದ್ದು ನೋಡಬೇಕಿತ್ತು ನೀನು,” ಎಂದಳು. ಕತ್ತು ನೋವೆಂದು ನಗಲಾರದೆ, ಹೊಟ್ಟೆ ಮಾತ್ರ ಕುಲುಕಿಸಿದಳು. ಅವಳ ಹೊಟ್ಟೆ ಕುಲುಕಿದ್ದಕ್ಕೆ ನನ್ನ ಕೈಯೂ ಕುಲುಕಿತು.

ಎಷ್ಟು ಹೊತ್ತಾಯಿತೋ. ಛಾವಣಿಯ ಹೆಂಚಿನ ಸಂದಿಯಿಂದ ಬಿದ್ದ ಬಿಸಿಲು ಮೂಟೆಯಿಂದ ಮೂಟೆಗೆ ಸರಿಯಿತು. ನನ್ನ ಬೆರಳು ಅವಳ ಮುಷ್ಟಿಯೊಳಗೆ ಒಮ್ಮೆ ಒದೆಯಿತು. ಆಮೇಲೆ ತಡೆದು ಇನ್ನೊಮ್ಮೆ. ಮುಂದಿನದಕ್ಕೆ ನಾನು ಕಾದೆ. ಬರಲಿಲ್ಲ. ಇನ್ನೂ ಕಾದೆ. ಬೆರಳು ಬೇರೆ ಬೆರಳುಗಳ ಹಾಗೆ ಸುಮ್ಮನೆ ಮಲಗಿತ್ತು.

“ನಿಂತಿತು,” ಎಂದೆ ಪಿಸುದನಿಯಲ್ಲಿ.

ತಿರುಗಿ ನೋಡಿದರೆ ಅವಳು ಬಾಯಿ ತೆರೆದು ಗಾಢವಾಗಿ ನಿದ್ದೆ ಹೋಗಿದ್ದಳು. ಹಣೆಯ ಗಂಟು ಸಡಿಲಿತ್ತು. ಬಿಳಿಚಿದ್ದ ಮುಖಕ್ಕೆ ಬಣ್ಣ ಬಂದಿತ್ತು. ಸ್ವಲ್ಪ ಹೊತ್ತಿಗೆ ಗೊರಕೆಯೂ ಶುರುವಾಯಿತು, ಅವಳ ಗಂಟಲಿಗೆ ತಕ್ಕ ಗೊರಕೆ. ಅದನ್ನು ಕೇಳುತ್ತಾ ನನ್ನ ಕಣ್ಣುಗಳೂ ಎಳೆಯತೊಡಗಿದವು.

ಆಗ ಹೊರಗೆ ಬಾಗಿಲು ಬಡಿದರು. ಪೋಸ್ಟ್‌ಮಾಸ್ಟರ ದನಿ. “ಹೂವಮ್ಮಾ, ಇಡ್ಲಿ ಇದೆಯಾ?” ಎಂದರು. ಅವರ ಹಿಂದೆ ಇನ್ಯಾರೋ, “ದಾಕ್ಷಮ್ಮ ಇಲ್ಲೇ ಇದ್ದಾರಾ ನೋಡಿ, ನನ್ನ ರಾಗಿ ನಾಲ್ಕು ದಿನದಿಂದ ಹಾಗೇ ಕೂತಿದೆ,” ಎಂದರು.

ಗೊರಕೆ ಫಕ್ಕನೆ ನಿಂತಿತು. ಹೂವಕ್ಕ ಕಣ್ಣು ಬಿಡಲಿಲ್ಲ, ಮಗ್ಗುಲೂ ಬದಲಿಸಲಿಲ್ಲ. ನನ್ನ ಕೈಯನ್ನಂತೂ ಬಿಡಲೇ ಇಲ್ಲ.

“ಕಣ್ಣು ಕಾಣ್ಸಲ್ವೇನ್ರೀ, ಬಾಗಿಲು ಹಾಕಿರೋದು?” ಎಂದು ಮಲಗಿದಲ್ಲಿಂದಲೇ ಬೀದಿ ಬೆಚ್ಚುವ ಹಾಗೆ ಕೂಗಿದಳು. “ಇಡ್ಲಿಯೂ ಇಲ್ಲ, ಹಿಟ್ಟೂ ಇಲ್ಲ. ನಾಳೆ ಬನ್ನಿ, ಇಬ್ಬರೂ ಇರ್ತೀವಿ!”